ಗೆಲ್ಲುವುದನ್ನು ಕಲಿಸುವ ಶಾಲೆಯ ಮೇಲೊಂದು ತಕರಾರು

ಹಳೆಯ ಹಾಸ್ಯ ಸಿನಿಮಾಗಳ ಮಾತು ಬಂದಾಗ ನನ್ನ ಗೆಳೆಯರ ಬಳಗದಲ್ಲಿ ಎರಡು ಹೆಸರುಗಳು ಜೋಡಿಯಾಗಿ ಬರುತ್ತವೆ. ಒಂದು ಬಾಸು ಚಟರ್ಜಿಯವರ 'ಛೋಟಿ ಸಿ ಬಾತ್'. ಇನ್ನೊಂದು ಅದರ ಬೇರಾದ 1960ರ ಬ್ರಿಟಿಷ್ ಚಿತ್ರ 'ಸ್ಕೂಲ್ ಫಾರ್ ಸ್ಕೌಂಡ್ರಲ್ಸ್'. ಎರಡಕ್ಕೂ ಸಿಗುವ ಪ್ರಶಂಸೆ ಒಂದೇ ಅಚ್ಚಿನದು. ಪಾಪದ ಹುಡುಗನೊಬ್ಬ ಧೈರ್ಯ ಕಲಿತು, ಜೋರಿನವನನ್ನು ಸೋಲಿಸಿ, ಮೆಚ್ಚಿದ ಹುಡುಗಿಯನ್ನು ಗೆಲ್ಲುವ ಕಥೆ; ಮನೆಮಂದಿಯೆಲ್ಲ ಒಟ್ಟಿಗೆ ಕೂತು ನೋಡಬಹುದು; ಹೊಡೆದಾಟವಿಲ್ಲ, ಕೆಟ್ಟ ಮಾತಿಲ್ಲ. ಕೊನೆಯ ಎರಡು ಮಾತು ನಿಜ. ಮೊದಲನೆಯದರ ಮೇಲೆ ನನಗೆ ತಕರಾರಿದೆ, ಅದೂ ಸಣ್ಣ ತಕರಾರಲ್ಲ. ಆ ಒಂದು ವಾಕ್ಯ ಸಿನಿಮಾವನ್ನಷ್ಟೇ ತಪ್ಪಾಗಿ ಹೇಳುವುದಿಲ್ಲ, ಅದರ ಹಿಂದಿನ ಪುಸ್ತಕಗಳನ್ನು ತಲೆಕೆಳಗು ಮಾಡುತ್ತದೆ. ಅಷ್ಟೇ ಆಗಿದ್ದರೆ ಸಾಹಿತ್ಯದ ಜಗಳ ಎಂದು ಬಿಡಬಹುದಿತ್ತು. ಆದರೆ ಆ ವಾಕ್ಯ ಈಗ ನಮ್ಮ ಕಾಲೇಜುಗಳ ಒಳಗೆ ಬಂದು ಪಾಠ ಮಾಡತೊಡಗಿದೆ.

ಮೊದಲೇ ಹೇಳಿಬಿಡುತ್ತೇನೆ, ಸಿನಿಮಾ ನನಗೆ ಬಹಳ ಇಷ್ಟ. ಇಷ್ಟವಿಲ್ಲದ್ದರ ಮೇಲೆ ಇಷ್ಟುದ್ದ ಬರೆಯುವ ತಾಳ್ಮೆ ನನಗಿಲ್ಲ.

ನೋಡದವರಿಗೆ ಕಥೆ ಹೇಳಬೇಕು. ಹೆನ್ರಿ ಪಾಲ್‌ಫ್ರಿ ಲಂಡನ್ನಿನ ಒಬ್ಬ ಮೆತ್ತಗಿನ ಮನುಷ್ಯ. ಇಯಾನ್ ಕಾರ್ಮೈಕಲ್ ಆ ಪಾತ್ರ ಮಾಡಿದ್ದಾನೆ. ಬಸ್ಸು ಹಿಡಿಯಲು ಓಡುವಾಗ ಏಪ್ರಿಲ್ ಎಂಬ ಹುಡುಗಿಗೆ ಡಿಕ್ಕಿ ಹೊಡೆದು ಪರಿಚಯವಾಗುತ್ತದೆ. ಅವಳನ್ನು ಊಟಕ್ಕೆ ಕರೆದರೆ ಹೋಟೆಲಿನ ಹೆಡ್ ವೇಟರ್ ಇವನನ್ನು ಕಾಲಕಸ ಮಾಡುತ್ತಾನೆ. ಅಲ್ಲಿಗೆ ರೇಮಂಡ್ ಡಿಲಾನಿ ಬರುತ್ತಾನೆ. ಹಲ್ಲಿನ ನಡುವೆ ಸಂದು, ಬಾಯ್ತುಂಬ ನಗು, ಯಾವಾಗಲೂ ತಾನೇ ಮನೆಯೊಡೆಯ ಎಂಬಂಥ ಗತ್ತು. ಟೆರಿ-ಥಾಮಸ್ ಈ ಪಾತ್ರಕ್ಕೆಂದೇ ಹುಟ್ಟಿದಂತಿದ್ದಾನೆ. ಡಿಲಾನಿಯ ಹತ್ತಿರ ಸ್ಪೋರ್ಟ್ಸ್ ಕಾರಿದೆ ಎಂದು ಪಾಲ್‌ಫ್ರಿಯೂ ಕಾರು ಕೊಳ್ಳಲು ಹೋಗಿ, ಇಬ್ಬರು ಮಾರಾಟಗಾರರ ಸಿಹಿಮಾತಿಗೆ ಬಿದ್ದು, 'ಸ್ವಿಫ್ಟ್‌ಮೊಬೈಲ್' ಎಂಬ ಅಜ್ಜನ ಕಾಲದ ಡಬ್ಬಾ ಗಾಡಿಯನ್ನು ಮನೆಗೆ ತರುತ್ತಾನೆ. ಟೆನಿಸ್ ಆಡಲು ಹೋದರೆ ಏಪ್ರಿಲ್‌ಳ ಎದುರಿಗೇ ಡಿಲಾನಿ ಅವನನ್ನು ಒರೆಸಿಹಾಕುತ್ತಾನೆ. ಪ್ರತಿ ಪಾಯಿಂಟು ಹೋದಾಗಲೂ 'ಹಾರ್ಡ್ ಚೀಸ್' ಎಂದು ಮರುಗುವುದು ಬೇರೆ. ನಮ್ಮ ಕಡೆ ಬಿದ್ದವನನ್ನು ನೋಡಿ ನಗು ತಡೆದುಕೊಂಡು 'ಅಯ್ಯೋ ಪಾಪ' ಎನ್ನುತ್ತಾರಲ್ಲ, ಆ ಧಾಟಿ. ಸೋತು ಸುಣ್ಣವಾದ ಪಾಲ್‌ಫ್ರಿ ಯೋವಿಲ್ ಎಂಬ ಊರಿನ ಕಾಲೇಜಿಗೆ ಸೇರುತ್ತಾನೆ. ಮಿಸ್ಟರ್ ಪಾಟರ್ ಎಂಬ ಮೇಷ್ಟ್ರು (ಅಲಸ್ಟೇರ್ ಸಿಮ್) ಅಲ್ಲಿ ಕಲಿಸುವುದು ಒಂದೇ ವಿದ್ಯೆ: ಯಾವ ಸಂದರ್ಭದಲ್ಲೂ ಎದುರಿನವನಿಗಿಂತ ಒಂದು ಕೈ ಮೇಲಾಗುವುದು ಹೇಗೆ. ಕಲಿತು ಬಂದವನು ಎಲ್ಲರ ಮೇಲೂ ಸೇಡು ತೀರಿಸಿಕೊಳ್ಳುತ್ತಾನೆ.

ಮಿಸ್ಟರ್ ಪಾಟರ್ ಎಂಬ ಹೆಸರು ಚಿತ್ರಕಥೆಗಾರರು ಕಟ್ಟಿದ್ದಲ್ಲ. ಸ್ಟೀಫನ್ ಪಾಟರ್ ನಿಜವಾದ ಲೇಖಕ, 1900ರಲ್ಲಿ ಹುಟ್ಟಿ 1969ರಲ್ಲಿ ತೀರಿಕೊಂಡವನು. ಲಂಡನ್ನಿನ ಬರ್ಕ್‌ಬೆಕ್ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಪಾಠ ಮಾಡಿದವನು, ಕೋಲರಿಜ್ ಮೇಲೆ, ಡಿ.ಎಚ್. ಲಾರೆನ್ಸ್ ಮೇಲೆ ಪುಸ್ತಕ ಬರೆದವನು, ಆಮೇಲೆ ಬಿಬಿಸಿ ರೇಡಿಯೋದಲ್ಲಿ ಬರಹಗಾರ, ನಿರ್ಮಾಪಕ. ವಿಶ್ವವಿದ್ಯಾಲಯಗಳಲ್ಲಿ ಸಾಹಿತ್ಯ ಕಲಿಸುವ ರೀತಿಯನ್ನು ಬೈದು 1937ರಲ್ಲಿ ಒಂದು ಇಡೀ ಪುಸ್ತಕವನ್ನೇ ಬರೆದಿದ್ದ. ಇಂಥವನು 1947ರಲ್ಲಿ 'ಗೇಮ್ಸ್‌ಮನ್‌ಶಿಪ್' ಎಂಬ ಪುಟ್ಟ ಪುಸ್ತಕ ತಂದ. ನೇರವಾಗಿ ಮೋಸ ಮಾಡದೆ ಆಟ ಗೆಲ್ಲುವ ಕಲೆ ಎಂಬುದು ಅದರ ಉಪಶೀರ್ಷಿಕೆಯ ಅರ್ಥ. 1950ರಲ್ಲಿ 'ಲೈಫ್‌ಮನ್‌ಶಿಪ್', 1952ರಲ್ಲಿ 'ಒನ್-ಅಪ್‌ಮನ್‌ಶಿಪ್' ಬಂದವು. ಈ ಪದಗಳು ಇಂಗ್ಲಿಷಿನಲ್ಲಿ ಬೇರೂರಿದವು. 1956ರಲ್ಲಿ ಅಮೆರಿಕದ ಅಡ್ಲಾಯ್ ಸ್ಟೀವನ್ಸನ್ ಅಲ್ಲಿನ ವಿದೇಶಾಂಗ ಮಂತ್ರಿ ಡಲ್ಲೆಸ್‌ನ ಯುದ್ಧದಂಚಿನ ನೀತಿಯನ್ನು 'ಬ್ರಿಂಕ್‌ಮನ್‌ಶಿಪ್' ಎಂದು ಹಂಗಿಸಿದಾಗ ಎರವಲು ಪಡೆದದ್ದು ಪಾಟರ್‌ನ ಬಾಲವನ್ನೇ.

ಆ ಪುಸ್ತಕಗಳಲ್ಲಿ ಕಥೆಯೇ ಇಲ್ಲ. ಅವು ಪಠ್ಯಪುಸ್ತಕದ ವೇಷ ಹಾಕಿಕೊಂಡ ಹಾಸ್ಯ. ರೇಖಾಚಿತ್ರ, ಅಡಿಟಿಪ್ಪಣಿ, ವರ್ಗೀಕರಣ, ಸಂಶೋಧಕರ ನಡುವಿನ ಭಿನ್ನಾಭಿಪ್ರಾಯ, ಎಲ್ಲವೂ ಇವೆ. ವಿಷಯ ಮಾತ್ರ ಎದುರಾಳಿಯ ತಲೆ ಕೆಡಿಸುವುದು. ನಾ. ಕಸ್ತೂರಿಯವರ 'ಅನರ್ಥಕೋಶ' ನಿಘಂಟಿನ ವೇಷ ಹಾಕಿಕೊಂಡಿದೆಯಲ್ಲ, ಆ ಜಾತಿಯ ಬರಹ. ಅನರ್ಥಕೋಶವನ್ನು ಯಾರಾದರೂ ನಿಜವಾದ ನಿಘಂಟು ಎಂದು ತಿಳಿದು ಪರೀಕ್ಷೆಗೆ ಓದಿಕೊಂಡು ಹೋದರೆ ಹೇಗಿರುತ್ತದೆ? ಪಾಟರ್‌ಗೆ ಆದದ್ದು ಅದೇ.

ಈ ವಿದ್ಯೆಯ ಹುಟ್ಟನ್ನು ಪಾಟರ್ ಒಂದು ಟೆನಿಸ್ ಪಂದ್ಯಕ್ಕೆ ಒಯ್ಯುತ್ತಾನೆ. 1931. ಒಂದು ಕಡೆ ಪಾಟರ್ ಮತ್ತು ತತ್ವಶಾಸ್ತ್ರದ ಸಿ.ಇ.ಎಂ. ಜೋಡ್. ಇನ್ನೊಂದು ಕಡೆ ಇವರಿಗಿಂತ ಕಿರಿಯರಾದ, ಚೆನ್ನಾಗಿ ಆಡುವ ಇಬ್ಬರು ವಿದ್ಯಾರ್ಥಿಗಳು. ಮೇಷ್ಟ್ರುಗಳು ಸೋಲುತ್ತಿದ್ದಾರೆ. ಜೋಡ್ ಹೊಡೆದ ಚೆಂಡೊಂದು ಗೆರೆಯಿಂದ ಎಷ್ಟೋ ಅಡಿ ಆಚೆ ಹಾರಿ ಹಿಂದಿನ ಬಲೆಗೆ ಹೋಗಿ ಬಡಿಯುತ್ತದೆ. ಔಟ್ ಎಂಬುದರಲ್ಲಿ ಕುರುಡನಿಗೂ ಅನುಮಾನವಿಲ್ಲ. ಆಗ ಜೋಡ್ ತೀರಾ ವಿನಯದಿಂದ, ಚೆಂಡು ಒಳಗೋ ಹೊರಗೋ ದಯವಿಟ್ಟು ಸ್ಪಷ್ಟವಾಗಿ ಹೇಳಬೇಕು ಎಂದು ಕೇಳುತ್ತಾನೆ. ಹುಡುಗರು ಸಂಭಾವಿತರು. ಕ್ಷಮಿಸಿ, ಹೊರಗೆ ಅಂದುಕೊಂಡೆವು, ಬೇಕಾದರೆ ಮತ್ತೆ ಆಡೋಣ ಎನ್ನುತ್ತಾರೆ. ಬೇಡ ಬೇಡ, ಸ್ಪಷ್ಟವಾಗಿ ಹೇಳಿದರೆ ಸಾಕು ಎಂದು ಜೋಡ್. ತಮ್ಮ ಕ್ರೀಡಾಧರ್ಮದಲ್ಲಿ ಏನೋ ಲೋಪವಾಯಿತೆಂಬ ಕಸಿವಿಸಿ ಆ ಹುಡುಗರ ಆಟವನ್ನು ತಿಂದುಹಾಕುತ್ತದೆ. ಪಂದ್ಯ ಮೇಷ್ಟ್ರುಗಳದಾಗುತ್ತದೆ.

ಈ ಪಟ್ಟು ಏಕೆ ಹಿಡಿಯಿತು? ಹುಡುಗರು ಪುಕ್ಕಲರೆಂದಲ್ಲ, ಒಳ್ಳೆಯವರೆಂದು. ಎದುರಿಗಿದ್ದವರು ಒರಟರಾಗಿದ್ದು 'ಕಣ್ಣು ಕಾಣಲ್ವೇನ್ರೀ' ಎಂದು ಕೇಳಿದ್ದರೆ ಜೋಡ್‌ನ ವಿನಯ ಅಲ್ಲೇ ಸತ್ತುಹೋಗುತ್ತಿತ್ತು. ಪಾಟರ್‌ನ ಪಟ್ಟುಗಳೆಲ್ಲ ಹೀಗೆಯೇ ಇನ್ನೊಬ್ಬರ ಸಭ್ಯತೆಯ ಮೇಲೆ ಬೆಳೆಯುವ ಬಂದಳಿಕೆಗಳು. ಮರ ಇದ್ದರೆ ಬಂದಳಿಕೆ. ಇದನ್ನು ಒಪ್ಪಿದರೆ ಪಾಲ್‌ಫ್ರಿಯ ಬಗ್ಗೆ ನಾವು ಕೇಳುವ ಪ್ರಶ್ನೆಯೇ ಬದಲಾಗುತ್ತದೆ. ಅವನಿಗೆ ಧೈರ್ಯ ಹೇಗೆ ತುಂಬುವುದು ಎಂದು ಕೇಳುವುದು ಮರಕ್ಕೆ ಔಷಧಿ ಹಾಕಿದ ಹಾಗೆ. ಅಂಟಿಕೊಂಡದ್ದು ಬೇರೆ ಏನೋ.

ಜೋಡ್ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಬಿಬಿಸಿಯ 'ಬ್ರೇನ್ಸ್ ಟ್ರಸ್ಟ್' ಕಾರ್ಯಕ್ರಮದಿಂದ ಮನೆಮಾತಾಗಿದ್ದ ಈ ತತ್ವಜ್ಞಾನಿ, ಪಾಟರ್‌ನ ಪುಸ್ತಕ ಬಂದ ಮರುವರ್ಷ, 1948ರಲ್ಲಿ, ಲಂಡನ್ನಿನಿಂದ ಎಕ್ಸಿಟರ್ ಕಡೆಗೆ ಹೋಗುವ ರೈಲಿನಲ್ಲಿ ಟಿಕೆಟ್ ಇಲ್ಲದೆ ಸಿಕ್ಕಿಬಿದ್ದ. ನ್ಯಾಯಾಲಯದಲ್ಲಿ ದಂಡ ತೆತ್ತ, ರೇಡಿಯೋದ ಜಾಗವನ್ನೂ ಕಳೆದುಕೊಂಡ. 'ನೇರವಾಗಿ ಮೋಸ ಮಾಡದೆ' ಎಂಬ ಗೆರೆ ಎಷ್ಟು ತೆಳುವೆಂದು ತೋರಿಸಲು ಇದಕ್ಕಿಂತ ಒಳ್ಳೆಯ ಅಡಿಟಿಪ್ಪಣಿಯನ್ನು ಪಾಟರ್ ಕೂಡ ಬರೆಯಲಾರ.

ಪುಸ್ತಕದ ಜೀವ ಎಲ್ಲಿದೆಯೆಂದರೆ, ಅದರಲ್ಲಿ ಗೆದ್ದವನೂ ನಗೆಪಾಟಲು. ಗಂಭೀರ ಮುಖ ಮಾಡಿಕೊಂಡು ಸೂತ್ರಗಳನ್ನು ಹೇಳುವ ಆ ನಿರೂಪಕನನ್ನು ಗಮನಿಸಿ. ಒಂದು ಊಟವನ್ನು, ಒಂದು ಗಾಲ್ಫ್ ಆಟವನ್ನು, ಒಂದು ಸಂಜೆಯ ಹರಟೆಯನ್ನು ಸುಮ್ಮನೆ ಸುಖಿಸಲಾರದ ಮನುಷ್ಯ ಅವನು. ಪ್ರವಾಸ ಹೋಗಿ ಬಂದ ಪರಿಣತನ ಮಾತನ್ನು ತಡೆಯಲು, ನೀವು ಹೇಳಿದ್ದು ಸರಿ, ಆದರೆ ದಕ್ಷಿಣದ ಕಡೆ ಹಾಗಿಲ್ಲವಲ್ಲ ಎಂದುಬಿಡಿ, ಯಾವ ದೇಶದ ದಕ್ಷಿಣವಾದರೂ ಸರಿ ಎಂಬಂಥ ಉಪದೇಶ ಕೊಡುತ್ತಾನೆ. ಪುಸ್ತಕ ವಿಮರ್ಶಕನಿಗೂ ಪಾಠವಿದೆ: ಕೈಯಲ್ಲಿರುವ ಪುಸ್ತಕವನ್ನು ಲೇಖಕನಿಗಿಂತ ತಾನೇ ಚೆನ್ನಾಗಿ ಬರೆಯಬಲ್ಲವನಾಗಿದ್ದೆ ಎಂದು ಓದುಗನಿಗೆ ಅನ್ನಿಸುವಂತೆ ಮಾಡುವುದು. ಸಾಹಿತ್ಯ ಗೋಷ್ಠಿಗಳ ಹಿಂದಿನ ಸಾಲಿನಲ್ಲಿ ಕೂತು ಅಭ್ಯಾಸವಿರುವ ಓದುಗರಿಗೆ ಇದನ್ನು ನಾನು ವಿವರಿಸಬೇಕಿಲ್ಲ. ನಗುತ್ತೇವೆ, ನಕ್ಕ ಮರುಕ್ಷಣ ಕಳೆದ ವಾರ ನಾವೇ ಆಡಿದ ಯಾವುದೋ ಮಾತು ನೆನಪಾಗುತ್ತದೆ. ಆ ಪುಸ್ತಕದಲ್ಲಿ ನಾಯಕನಿಲ್ಲ, ಖಳನೂ ಇಲ್ಲ. ಎಲ್ಲರೂ ಒಂದು ಕೈ ಮೇಲೇರಲು ನೋಡುತ್ತಿರುವ ಒಂದು ದೇಶವಿದೆ.

ಆ ದೇಶ ಯಾವುದೆಂದೂ ಹೇಳಬೇಕು. ಯುದ್ಧ ಮುಗಿದು ಎರಡು ವರ್ಷವಾಗಿದ್ದ ಬ್ರಿಟನ್. ಅಧಿಕಾರದಲ್ಲಿ ಲೇಬರ್ ಸರ್ಕಾರ, ಅಂಗಡಿಗಳಲ್ಲಿ ರೇಷನ್ ಚೀಟಿ. ಕಾಯಿದೆಯ ಪ್ರಕಾರ ಮೇಲು ಕೀಳು ಕರಗುತ್ತಿತ್ತು. ಕರಗದೆ ಉಳಿದದ್ದು ಉಚ್ಚಾರಣೆ, ಕೋಟಿನ ಕತ್ತರಿಪು, ವೇಟರನ್ನು ಕರೆಯುವ ಬಗೆ, ಸೋತವನಿಗೆ ಸಮಾಧಾನ ಹೇಳುವ ದನಿ. ದುಡ್ಡಿನಿಂದಲೋ ಬಿರುದಿನಿಂದಲೋ ಸಾಧಿಸುತ್ತಿದ್ದ ಮೇಲುಗಾರಿಕೆಯನ್ನು ಇನ್ನು ಮುಂದೆ ಹುಬ್ಬಿನಿಂದ ಸಾಧಿಸಬೇಕಿತ್ತು. ಪಾಟರ್ ಬರೆದದ್ದು ಆ ಹುಬ್ಬಿನ ವ್ಯಾಕರಣ ಎಂದು ನಾನು ಓದಿಕೊಂಡಿದ್ದೇನೆ.

ಸಿನಿಮಾದ ಮೊದಲ ಅರ್ಧಕ್ಕೆ ಇದೆಲ್ಲ ಗೊತ್ತು. ಅದಕ್ಕೇ ಅದು ಅಷ್ಟು ಚೆನ್ನಾಗಿದೆ. ಪಾಲ್‌ಫ್ರಿಯನ್ನು ಸೋಲಿಸುವವರನ್ನು ಒಬ್ಬೊಬ್ಬರಾಗಿ ನೋಡಿ. ಹೆಡ್ ವೇಟರ್ (ಜಾನ್ ಲ ಮೆಸೂರಿಯೆ) ಒಂದು ಕೆಟ್ಟ ಮಾತಾಡುವುದಿಲ್ಲ. ಕಾರು ಮಾರುವ ಡೆನಿಸ್ ಪ್ರೈಸ್, ಪೀಟರ್ ಜೋನ್ಸ್ ಜೋಡಿ ಬಲವಂತ ಮಾಡುವುದಿಲ್ಲ. ಅವರ ಒಳ್ಳೆಯತನದ ಭಾರಕ್ಕೇ ಗಿರಾಕಿ ಕುಸಿಯುತ್ತಾನೆ. ಡಿಲಾನಿ ಟೆನಿಸ್‌ನಲ್ಲಿ ಒಂದು ನಿಯಮವನ್ನೂ ಮುರಿಯುವುದಿಲ್ಲ. ಎಲ್ಲರೂ ನಗುನಗುತ್ತಲೇ ಇರುತ್ತಾರೆ. ಇವರ್ಯಾರೂ ಯೋವಿಲ್‌ನ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಹತ್ತುವ ಅಗತ್ಯವೇ ಇರಲಿಲ್ಲ, ಯಾಕೆಂದರೆ ಊರೇ ಆ ಕಾಲೇಜು.

ನಾಲ್ಕನೆಯವನು ಆಫೀಸಿನ ಹೆಡ್ ಗುಮಾಸ್ತ ಗ್ಲೋಟ್‌ಬ್ರಿಡ್ಜ್. 'ಪಾಪದ ಹುಡುಗ' ಎಂದು ಹೇಳುವವರು ಮರೆತುಬಿಡುವುದು ಇವನನ್ನೇ. ಏಕೆಂದರೆ ಆ ಆಫೀಸಿನಲ್ಲಿ ಪಾಲ್‌ಫ್ರಿ ಗುಮಾಸ್ತನಲ್ಲ, ಮಾಲೀಕ. ವಂಶದ ಕಂಪನಿ ಅವನ ಹೆಸರಿಗೆ ಬಂದಿದೆ. ದುಡ್ಡಿದೆ, ಕ್ಲಬ್ಬಿದೆ, ಒಳ್ಳೆಯ ಮನೆಯಿದೆ. ಇಲ್ಲದಿರುವುದು ಮಾಲೀಕನ ದನಿ. ಅವನಿಗೆ ಆಗುವ ಅವಮಾನಗಳೆಲ್ಲ ಆ ದನಿ ಇಲ್ಲದ್ದಕ್ಕೆ ಆಗುವ ಅವಮಾನಗಳು. ಅವನ ಒಡೆತನದಲ್ಲಿ ಏನೂ ಕೊರತೆಯಿಲ್ಲದಿದ್ದರೂ ಗುಮಾಸ್ತ ಅವನನ್ನು ತುಳಿಯಬಲ್ಲ ಎಂದು ತೋರಿಸುವಾಗ ಸಿನಿಮಾ ಪುಸ್ತಕಕ್ಕಿಂತ ಒಂದು ಹೆಜ್ಜೆ ಮುಂದೆಯೇ ಇದೆ.

ಆಮೇಲೆ ಕಾಲೇಜು ಬರುತ್ತದೆ. ಪಾಲ್‌ಫ್ರಿ ಕಲಿಯುತ್ತಾನೆ, ಲಂಡನ್ನಿಗೆ ವಾಪಸಾಗುತ್ತಾನೆ, ಕಾರು ಮಾರಿದವರಿಗೇ ಆ ಡಬ್ಬಾ ಗಾಡಿಯನ್ನು ದಾಟಿಸಿ ಒಳ್ಳೆಯ ಕಾರಿನ ಜೊತೆಗೆ ಮೇಲೆ ದುಡ್ಡನ್ನೂ ಪಡೆಯುತ್ತಾನೆ. ಡಿಲಾನಿಯನ್ನು ಕಾಯಿಸಿ, ಸತಾಯಿಸಿ, ಅತಿವಿನಯದಿಂದ ತಲೆ ಕೆಡಿಸಿ ಟೆನಿಸ್‌ನಲ್ಲಿ ಮಣ್ಣುಮುಕ್ಕಿಸುತ್ತಾನೆ. ನಾನೂ ನಕ್ಕಿದ್ದೇನೆ, ಎರಡನೇ ಟೆನಿಸ್ ಪಂದ್ಯಕ್ಕೆ ನಗದವರು ಯಾರಿದ್ದಾರೆ. ಆದರೆ ನಗುವಾಗ ನಡೆದದ್ದೇನು? ಅರ್ಧ ಗಂಟೆಯ ಹಿಂದೆ ಡಿಲಾನಿ ಮಾಡಿದಾಗ ಯಾವುದು ನೀಚತನವಾಗಿತ್ತೋ ಅದನ್ನೇ ಪಾಲ್‌ಫ್ರಿ ಮಾಡಿದಾಗ ಅದು ಆತ್ಮವಿಶ್ವಾಸವಾಯಿತು. ಪಟ್ಟು ಬದಲಾಗಿಲ್ಲ, ಹಿಡಿದ ಕೈ ಬದಲಾಗಿದೆ. ನೋಡುಗರಾದ ನಮಗೆ ನಾಯಕನ ಮೇಲೆ ಪ್ರೀತಿ ಇರುವುದರಿಂದ ಈ ಲೆಕ್ಕವನ್ನು ನಾವು ಪರಿಶೀಲಿಸುವುದಿಲ್ಲ. ಪಾಟರ್‌ನ ಪುಸ್ತಕ ಇಂಥ ರಿಯಾಯಿತಿಯನ್ನು ಯಾರಿಗೂ ಕೊಟ್ಟಿರಲಿಲ್ಲ.

ಇನ್ನು ಏಪ್ರಿಲ್. ಜ್ಯಾನೆಟ್ ಸ್ಕಾಟ್‌ಳಿಗೆ ಈ ಚಿತ್ರದಲ್ಲಿ ಕೊಟ್ಟ ಕೆಲಸವೆಂದರೆ ಯಾರು ಗೆದ್ದರೆಂದು ತೋರಿಸುವ ಹಲಗೆಯಾಗಿರುವುದು. ಡಿಲಾನಿ ಮುಂದಿದ್ದಾಗ ಅವನ ಕಡೆ, ಪಾಲ್‌ಫ್ರಿ ಮುಂದಾದಾಗ ಇವನ ಕಡೆ. ಕಡೆಗೆ ಕಲಿತ ವಿದ್ಯೆಯನ್ನೆಲ್ಲ ಹೂಡಿ ಪಾಲ್‌ಫ್ರಿ ಅವಳನ್ನು ತನ್ನ ಮನೆಗೆ ಬರಮಾಡಿಕೊಳ್ಳುತ್ತಾನೆ. ಅಲ್ಲಿ ಸಿನಿಮಾಕ್ಕೇ ಭಯವಾಗುತ್ತದೆ. ಇಲ್ಲಿಯವರೆಗೆ ತಮಾಷೆಯಾಗಿದ್ದ ಪಟ್ಟು ಈ ಕೋಣೆಯಲ್ಲಿ ತಮಾಷೆಯಲ್ಲ ಎಂದು ಅದಕ್ಕೂ ತಿಳಿಯುತ್ತದೆ. ಪಾಲ್‌ಫ್ರಿ ಕೈಬಿಡುತ್ತಾನೆ, ನಿಜ ಹೇಳಿಬಿಡುತ್ತಾನೆ, ಪ್ರೀತಿ ಎನ್ನುತ್ತಾನೆ. ಅದೇ ಹೊತ್ತಿಗೆ ಡಿಲಾನಿಯೊಡನೆ ಓಡಿಬಂದ ಮಿಸ್ಟರ್ ಪಾಟರ್‌ಗೆ ಶಿಷ್ಯನ ಪ್ರಾಮಾಣಿಕತೆ ಕಂಡು ಜಿಗುಪ್ಸೆ. ಅವನು ನೇರ ನಮ್ಮ ಕಡೆ ತಿರುಗಿ, ಹೀಗಾದದ್ದಕ್ಕೆ ಕ್ಷಮೆ ಕೇಳುತ್ತಾನೆ. ಬಹಳ ಜನ ಇದನ್ನು ಚತುರ ಮುಕ್ತಾಯವೆಂದು ಹೊಗಳುತ್ತಾರೆ. ನನಗೆ ಅದು ಎರಡು ದೋಣಿಗೆ ಕಾಲಿಟ್ಟ ಹಾಗೆ ಕಾಣುತ್ತದೆ. ಪಟ್ಟಿನಿಂದ ಸಿಕ್ಕಿದ್ದೆಲ್ಲ ನಾಯಕನ ಹತ್ತಿರವೇ ಉಳಿಯಿತು. ಕಾರು, ಆಫೀಸಿನ ಮೇಲಿನ ಹಿಡಿತ, ಹುಡುಗಿ. ಯಾವುದನ್ನೂ ವಾಪಸು ಕೊಡದೆ ಪಶ್ಚಾತ್ತಾಪವೊಂದನ್ನು ಮಾತ್ರ ಮೇಲಿಂದ ಚಿಮುಕಿಸಲಾಯಿತು.

ಇದಕ್ಕೆ ನಿರ್ದೇಶಕನ ಕಥೆಯನ್ನು ಸಬೂಬು ಮಾಡುವವರಿದ್ದಾರೆ. ರಾಬರ್ಟ್ ಹೇಮರ್ 1949ರಲ್ಲಿ 'ಕೈಂಡ್ ಹಾರ್ಟ್ಸ್ ಅಂಡ್ ಕೊರೊನೆಟ್ಸ್' ಮಾಡಿದವನು. ಅದರಲ್ಲಿ ಇದೇ ಡೆನಿಸ್ ಪ್ರೈಸ್ ಅತ್ಯಂತ ಸಭ್ಯ ಇಂಗ್ಲಿಷಿನಲ್ಲಿ ನೆಂಟರನ್ನು ಒಬ್ಬೊಬ್ಬರಾಗಿ ಸಾಯಿಸುತ್ತ ಹೋಗುತ್ತಾನೆ. ಆ ಚಿತ್ರ ಕೊನೆಯವರೆಗೂ ಕಣ್ಣು ಮಿಟುಕಿಸುವುದಿಲ್ಲ. 'ಸ್ಕೂಲ್ ಫಾರ್ ಸ್ಕೌಂಡ್ರಲ್ಸ್' ಹೊತ್ತಿಗೆ ಹೇಮರ್ ಕುಡಿತದಿಂದ ಜರ್ಜರಿತನಾಗಿದ್ದ. ಚಿತ್ರೀಕರಣದ ನಡುವೆಯೇ ಅವನನ್ನು ಬಿಡಿಸಿ, ನಿರ್ಮಾಪಕ ಹಾಲ್ ಚೆಸ್ಟರ್ ಮತ್ತು ಸಿರಿಲ್ ಫ್ರಾಂಕೆಲ್ ಸೇರಿ ಮುಗಿಸಿದರು. ಅದೇ ಅವನ ಕೊನೆಯ ಚಿತ್ರ, 1963ರಲ್ಲಿ ತೀರಿಕೊಂಡ. ದುಃಖದ ಸಂಗತಿ. ಆದರೆ ಕಥೆಯ ಬೆನ್ನೆಲುಬು ಚಿತ್ರಕಥೆಯಲ್ಲೇ ಬಾಗಿದೆ. ಕಥೆಯಿಲ್ಲದ ಪುಸ್ತಕಕ್ಕೆ ಕಥೆ ಬೇಕಾದಾಗ ಮೊದಲು ಕೈಗೆ ಸಿಕ್ಕಿದ್ದನ್ನೇ ಎತ್ತಿಕೊಂಡರು: ಸೋತವನು, ಗುರು, ಗೆಲುವು. ಈ ಮೂರು ಮೆಟ್ಟಿಲಿನ ಏಣಿಯ ಮೇಲೆ ಯಾವ ವ್ಯಂಗ್ಯವನ್ನು ಹತ್ತಿಸಿದರೂ ಅದು ಇಳಿಯುವಾಗ ಉಪದೇಶವಾಗಿರುತ್ತದೆ.

'ಹಾಸ್ಯ ಸಿನಿಮಾ ಕಣಯ್ಯಾ, ಇಷ್ಟು ಹಿಂಜಬೇಕಾ' ಎಂದು ಒಬ್ಬ ಹಿರಿಯ ಗೆಳೆಯರು ನನ್ನನ್ನು ಕೇಳಿದರು. ಹಿಂಜಬೇಕು. ಗಂಭೀರ ಸಿನಿಮಾದ ಉಪದೇಶವನ್ನು ನಾವು ಅನುಮಾನಿಸುತ್ತೇವೆ. ನಗುವಿನ ಜೊತೆ ಒಳಗೆ ಹೋದದ್ದನ್ನು ಯಾರೂ ತಡೆದು ನಿಲ್ಲಿಸುವುದಿಲ್ಲ.

ಅದು ಹೇಗೆ ಒಳಗೆ ಹೋಯಿತೆಂದು ನೋಡಲು ಮುಂಬಯಿಗೆ ಬರಬೇಕು. ಎಪ್ಪತ್ತರ ದಶಕದ ನಡುವಿನಲ್ಲಿ ಬಾಸು ಚಟರ್ಜಿಯವರು ಈ ಕಥೆಯನ್ನು ಬಸ್ ಸ್ಟಾಪಿಗೆ ತಂದರು. ಪಾಲ್‌ಫ್ರಿಯ ಜಾಗದಲ್ಲಿ ಅರುಣ್ (ಅಮೋಲ್ ಪಾಲೇಕರ್), ಡಿಲಾನಿಯ ಜಾಗದಲ್ಲಿ ಸ್ಕೂಟರಿನ ನಾಗೇಶ್ (ಅಸ್ರಾನಿ), ಏಪ್ರಿಲ್ ಜಾಗದಲ್ಲಿ ಪ್ರಭಾ (ವಿದ್ಯಾ ಸಿನ್ಹಾ). ಟೆನಿಸ್ ಹೋಗಿ ಟೇಬಲ್ ಟೆನಿಸ್ ಬಂತು. ಅನುವಾದ ಎಂದರೆ ಹೀಗಿರಬೇಕು ಎನ್ನುವಷ್ಟು ಚಂದ. ಕ್ಲಬ್ಬಿನ ಜನರನ್ನು ಕೈಬಿಟ್ಟು ಸಂಬಳದ ಜನರನ್ನು ಹಿಡಿದದ್ದು, ಕೆಲಸಕ್ಕೆ ಹೋಗುವ ಹುಡುಗಿಗೆ ಒಂದು ದಿನಚರಿ, ಒಬ್ಬ ಗೆಳತಿ, ಒಂದು ಕಳ್ಳನಗು ಕೊಟ್ಟದ್ದು, ಇವೆಲ್ಲ ಮೂಲಕ್ಕಿಂತ ಮೇಲು. ಪ್ರಭಾ ಹಲಗೆಯಲ್ಲ, ಮನುಷ್ಯಳು. ಚಿತ್ರಕಥೆಗೆ ಫಿಲ್ಮ್‌ಫೇರ್ ಬಂದದ್ದು ನ್ಯಾಯವೇ.

ಕಳೆದುಹೋದದ್ದು ಮೇಷ್ಟ್ರು. ಅಲಸ್ಟೇರ್ ಸಿಮ್‌ನ ಪಾಟರ್‌ನಲ್ಲಿ ಒಂದು ಪಿಶಾಚಿಯ ಅಂಶವಿತ್ತು. ಇವನನ್ನು ನಂಬಬಾರದು ಎಂದು ಅವನ ಕಣ್ಣೇ ಹೇಳುತ್ತಿತ್ತು. ಖಂಡಾಲದಲ್ಲಿ ಕೂತ ಅಶೋಕ್ ಕುಮಾರರ ಕರ್ನಲ್ ಪ್ರೀತಿಯ ತಾತ. ಹುಡುಗರ ಸಂಕಟ ನೋಡಲಾರದೆ ಸಹಾಯ ಮಾಡುವ ದೊಡ್ಡ ಮನಸ್ಸು. ಠಕ್ಕುವಿದ್ಯೆಯ ಕಾಲೇಜು ಹೀಗೆ ಆಪ್ತ ಸಲಹಾ ಕೇಂದ್ರವಾಯಿತು. ಮೂಲದ ಹೆಸರಿನಲ್ಲಾದರೂ 'ಸ್ಕೌಂಡ್ರಲ್ಸ್' ಎಂಬ ಪದ ಎಚ್ಚರಿಕೆಯ ಹಲಗೆಯಂತೆ ನಿಂತಿತ್ತು. ಇಲ್ಲಿ ಅದು 'ಸಣ್ಣ ಮಾತು' ಆಯಿತು. ದಿನವೂ ಬಸ್ ಸ್ಟಾಪಿನಿಂದ ಆಫೀಸಿನವರೆಗೆ ಹುಡುಗಿಯ ಹಿಂದೆ ನಡೆಯುವುದು ಮುಗ್ಧತೆ ಎಂದೂ, ಅವಳಿಗೆ ಅದು ಒಳಗೊಳಗೇ ಇಷ್ಟ ಎಂದೂ ಆ ಸಿನಿಮಾ ಹೇಳುತ್ತದೆ. ಪಾಲೇಕರ್ ಮುಖ ನೋಡಿ ನಾವು ಒಪ್ಪಿಕೊಂಡುಬಿಡುತ್ತೇವೆ. ಬೇರೆ ಮುಖವನ್ನು ಅಲ್ಲಿಟ್ಟು ಒಮ್ಮೆ ಊಹಿಸಿ ನೋಡಿ. (2006ರಲ್ಲಿ ಅಮೆರಿಕದವರು ಮೂಲದ ಹೆಸರಿನಲ್ಲೇ ಮತ್ತೊಂದು ಚಿತ್ರ ಮಾಡಿದರು. ಒರಟು ಚಿತ್ರ, ಹೆಚ್ಚು ಹೇಳುವಂಥದ್ದಿಲ್ಲ. ಆದರೆ ಅದರಲ್ಲಿ ಮೇಷ್ಟ್ರೇ ಶಿಷ್ಯನ ಹುಡುಗಿಯ ಬೆನ್ನು ಹತ್ತುತ್ತಾನೆ. ಇಂಥ ವಿದ್ಯೆ ಕಲಿಸುವವನು ಎಂಥವನಿರಬಹುದೆಂಬ ಅನುಮಾನವನ್ನು ಅದಾದರೂ ಉಳಿಸಿಕೊಂಡಿತು.)

ನನ್ನ ಸಿಟ್ಟಿಗೆ ಕಾರಣ ಸಿನಿಮಾ ಮಾತ್ರವಲ್ಲ. ಕೆಲವು ವರ್ಷಗಳ ಹಿಂದೆ ಕಾಲೇಜೊಂದರ ವ್ಯಕ್ತಿತ್ವ ವಿಕಸನ ಶಿಬಿರಕ್ಕೆ ಸಾಹಿತ್ಯದ ಬಗ್ಗೆ ಮಾತಾಡಲು ನನ್ನನ್ನು ಕರೆದಿದ್ದರು. ನನಗಿಂತ ಮುಂಚಿನ ಅವಧಿಯ ತರಬೇತುದಾರರು 'ಛೋಟಿ ಸಿ ಬಾತ್'ನ ಎರಡು ತುಣುಕು ತೋರಿಸಿದರು, ಖಂಡಾಲಕ್ಕೆ ಹೋಗುವ ಮುಂಚಿನ ಅರುಣ್, ಹೋಗಿಬಂದ ಅರುಣ್. ನೀವು ಯಾವ ಅರುಣ್ ಆಗಬೇಕು ಎಂದು ಕೇಳಿದರು. ಎಲ್ಲರೂ ಎರಡನೆಯವನು ಎಂದು ಕೂಗಿದರು. ಆಮೇಲೆ ಒಬ್ಬೊಬ್ಬರನ್ನೇ ಎಬ್ಬಿಸಿ ಇಂಗ್ಲಿಷಿನಲ್ಲಿ ಪರಿಚಯ ಮಾಡಿಕೊಳ್ಳಲು ಹೇಳಿದರು. ಹಳ್ಳಿಯಿಂದ ಬಂದ ಹುಡುಗನೊಬ್ಬ ಪ್ರತಿ ವಾಕ್ಯದ ಕೊನೆಗೂ 'ಸರ್' ಸೇರಿಸುತ್ತಿದ್ದ, ಕಣ್ಣು ನೆಲದ ಮೇಲಿತ್ತು. ತರಬೇತುದಾರರು ಸಿಟ್ಟಾಗಲಿಲ್ಲ. ನಗುತ್ತ, ಬಹಳ ಮರ್ಯಾದೆಯಿಂದ, 'ಇನ್ನೊಮ್ಮೆ ಸ್ಪಷ್ಟವಾಗಿ ಹೇಳ್ತೀರಾ?' ಎಂದರು. ಹುಡುಗ ಇನ್ನೊಮ್ಮೆ ಹೇಳಿದ, ಇನ್ನಷ್ಟು ಕೆಟ್ಟದಾಗಿ. ಸಭಾಂಗಣ ನಕ್ಕಿತು. ನನಗೆ ಜೋಡ್ ನೆನಪಾದ. ಸ್ಪಷ್ಟವಾಗಿ ಹೇಳಿ ಎಂಬ ಅದೇ ಬೇಡಿಕೆ, ಅದೇ ವಿನಯ, ಎದುರಿಗೆ ಅದೇ ಸಂಭಾವಿತ ಹುಡುಗ. ವ್ಯತ್ಯಾಸವಿಷ್ಟೇ, ತಾನು ಪಟ್ಟು ಹಾಕುತ್ತಿದ್ದೇನೆಂದು ಜೋಡ್‌ಗೆ ಗೊತ್ತಿತ್ತು.

ಸಂದರ್ಶನಕ್ಕೆ ಹೋಗುವ ಮಕ್ಕಳಿಗೆ ತಯಾರಿ ಬೇಡವೆಂದು ನಾನು ಹೇಳುತ್ತಿಲ್ಲ. ಇಂಗ್ಲಿಷ್ ಬೇಕು, ಗಟ್ಟಿಯಾಗಿ ಮಾತಾಡಲೂ ಬರಬೇಕು, ಅದನ್ನು ಕಲಿಸುವವರು ಬೇಕು. ಆದರೆ ಭಾಷೆ ಕಲಿಸುವುದು ಬೇರೆ, ನಿನ್ನ ನಡವಳಿಕೆಯೇ ಒಂದು ಕಾಯಿಲೆ ಎಂದು ನಂಬಿಸುವುದು ಬೇರೆ. ಆ ಹುಡುಗ 'ಸರ್' ಎನ್ನುವುದು ಅವನ ಮನೆ ಕಲಿಸಿದ ಮರ್ಯಾದೆ. ಅದು ಸಂದರ್ಶನದ ಕೋಣೆಯಲ್ಲಿ ದೌರ್ಬಲ್ಯವಾಗಿ ಕಾಣುತ್ತಿದ್ದರೆ ಆ ಕೋಣೆಯನ್ನೂ ಸ್ವಲ್ಪ ಪರೀಕ್ಷಿಸಬೇಕು. ಇಂಥ ಶಿಬಿರಗಳಲ್ಲಿ ಆತ್ಮವಿಶ್ವಾಸ ಎಂಬ ಹೆಸರಿನಲ್ಲಿ ಹಂಚುವುದು ಬಹುಪಾಲು ಡಿಲಾನಿಯ ಗತ್ತನ್ನೇ: ಕೈಕುಲುಕುವ ಬಿಗಿ, ಮೊದಲೇ ಮಾತು ಹಿಡಿಯುವ ಚುರುಕು, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆನ್ನದ ಜಾಣತನ. ಎಲ್ಲರಿಗೂ ಒಂದು ಕೈ ಮೇಲಾಗಲು ಕಲಿಸಿದರೆ ಕೆಳಗಿನ ಕೈ ಯಾರದೆಂದು ಯಾವ ತರಬೇತುದಾರರೂ ಹೇಳುವುದಿಲ್ಲ. ಪಾಟರ್‌ನ ಜಗತ್ತಿನಲ್ಲಿ ಒಂದು ಕೈ ಮೇಲಿಲ್ಲದವನು ಒಂದು ಕೈ ಕೆಳಗಿದ್ದಾನೆಂದೇ ಲೆಕ್ಕ. ಪಾಟರ್ ಇದನ್ನು ತಮಾಷೆಗೆ ಬರೆದ. ನಮ್ಮಲ್ಲಿ ಅದಕ್ಕೆ ಶುಲ್ಕ ವಸೂಲಾಗುತ್ತದೆ.

ಶಿಬಿರಗಳಲ್ಲಿ ಸಿನಿಮಾ ತೋರಿಸಲೇಬೇಕೆಂದರೆ ಮೂಲವನ್ನೇ ತೋರಿಸಿ, ಅದೂ ಮೊದಲ ಅರ್ಧವನ್ನು. ಪಾಲ್‌ಫ್ರಿ ಏನು ಮಾಡಬೇಕಿತ್ತು ಎಂದು ಕೇಳಬೇಡಿ. ಹೆಡ್ ವೇಟರ್ ಏನು ಮಾಡಿದ, ಕಾರು ಮಾರಿದವರು ಏನು ಮಾಡಿದರು, ಅದು ಹೇಗೆ ಕೆಲಸ ಮಾಡಿತು ಎಂದು ಬಿಡಿಸಿ ಬರೆಯಲು ಹೇಳಿ. ಪಟ್ಟು ಹಾಕುವುದಕ್ಕಿಂತ ಬೀಳುತ್ತಿರುವ ಪಟ್ಟನ್ನು ಗುರುತಿಸುವುದು ಹೆಚ್ಚಿನ ವಿದ್ಯೆ ಎಂದು ನನ್ನ ನಂಬಿಕೆ. ಸಾಹಿತ್ಯದ ವಿದ್ಯಾರ್ಥಿಗಳಿಗಂತೂ ಅದು ಅಭ್ಯಾಸವಿರುವ ಕೆಲಸ, ದನಿಯನ್ನು ಓದುವುದು.

ಕ್ಷಮೆ ಕೇಳುವ ದೃಶ್ಯಕ್ಕೆ ಎದ್ದು ಹೋಗುವವರು ಇನ್ನೊಂದು ನಿಮಿಷ ಕೂರಬೇಕು. ಯೋವಿಲ್ ಸ್ಟೇಷನ್ನಿನಲ್ಲಿ ರೈಲು ನಿಲ್ಲುತ್ತದೆ. ಕಾಲೇಜಿಗೆ ಸೇರಲು ಬಂದ ಹೊಸ ವಿದ್ಯಾರ್ಥಿ ಕೆಳಗಿಳಿಯುತ್ತಾನೆ. ಅವನು ರೇಮಂಡ್ ಡಿಲಾನಿ. ಹಿಂದಿನ ಅರ್ಧ ಗಂಟೆಯಲ್ಲಿ ಚಿತ್ರ ಮರೆತುಬಿಟ್ಟಿದ್ದ ಪುಸ್ತಕ ಆ ಪ್ಲಾಟ್‌ಫಾರಂ ಮೇಲೆ ಮತ್ತೆ ಕಾಣಿಸುತ್ತದೆ. ಇವನು ಕಲಿತು ಹೋದ ಮೇಲೆ ಪಾಲ್‌ಫ್ರಿ ಮುಂದಿನ ರೈಲಿಗೆ ಬರಬೇಕು.